ಸೊಸೈಟಿಯ ಎಫ್‌ಡಿಗೆ ಬ್ಯಾಂಕಿನಿಂದ ಒತ್ತೆ ಕೇಳಬಹುದೇ?

ಪ್ರಶ್ನೆ: ನಾನು ಮುಲುಂಡ್‌ನಲ್ಲಿ 84 ಮನೆಗಳ ಒಂದು ಹೌಸಿಂಗ್ ಸೊಸೈಟಿಯ ಖಜಾಂಚಿ. ಊರು ಕುಂದಾಪುರದ ಕಡೆ. ಸಿಂಕಿಂಗ್ ಫಂಡ್ (ಕಟ್ಟಡದ ಮುಂದಿನ ದೊಡ್ಡ ಖರ್ಚಿಗೆಂದು ಎತ್ತಿಡುವ ಹಣ), ರಿಪೇರಿ ಫಂಡ್ ಎಲ್ಲ ಸೇರಿ ಸೊಸೈಟಿಯ ಹತ್ತಿರ 1 ಕೋಟಿ 60 ಲಕ್ಷ ರೂಪಾಯಿ ಇದೆ. 40 ಲಕ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿದೆ. ಉಳಿದ 1 ಕೋಟಿ 20 ಲಕ್ಷ ಒಂದೇ ನಗರ ಸಹಕಾರಿ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಎಫ್‌ಡಿಯಾಗಿದೆ. ಅಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ, ತೆರಿಗೆಯೂ ಉಳಿಯುತ್ತದೆ ಅಂತ ಹಿಂದಿನ ಸಮಿತಿ ಇಟ್ಟದ್ದು. ನನ್ನ ಮಗಳು ಕ್ಯಾಲಿಫೋರ್ನಿಯಾದ ಒಂದು ಸಣ್ಣ ನಗರಾಡಳಿತದ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ‘ನಮ್ಮ ಊರಿನ ಹಣ ಇಟ್ಟುಕೊಳ್ಳುವ ಬ್ಯಾಂಕು ನೂರಕ್ಕೆ ನೂರಾಹತ್ತರ ಲೆಕ್ಕದಲ್ಲಿ ಬಾಂಡ್ ಒತ್ತೆ ಇಡಬೇಕು, ನೀವ್ಯಾಕೆ ಕೇಳುವುದಿಲ್ಲ ಪಪ್ಪಾ?’ ಎಂದಳು. ಮ್ಯಾನೇಜರರನ್ನು ಕೇಳಿದೆ. ‘ನಿಮ್ಮ ಠೇವಣಿಗೆ ನಮ್ಮ ಸರಕಾರಿ ಬಾಂಡ್‌ಗಳ ಪೂರ್ತಿ ಭದ್ರತೆ ಇದೆ’ ಎಂದು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಚಿಂಚವಡದಲ್ಲಿರುವ ನನ್ನ ಭಾವ ನಗುತ್ತಾರೆ. 2020ರಲ್ಲಿ ಅವರ ಪಾಲಿಕೆಯ ನೂರಾರು ಕೋಟಿಯೇ ಸಿಕ್ಕಿಹಾಕಿಕೊಂಡಿತ್ತಂತೆ, ನಿಮಗೆಲ್ಲಿಯ ಒತ್ತೆ ಎನ್ನುತ್ತಾರೆ. ಮುಂದಿನ ವರ್ಷ ಕಟ್ಟಡದ ದೊಡ್ಡ ರಿಪೇರಿ ಇದೆ, ಅಂದಾಜು 70 ಲಕ್ಷ. ನಾನು ಟ್ರಸ್ಟಿಯಾಗಿರುವ ಕನ್ನಡ ಸಂಘದ ಹಣವೂ ಅದೇ ಸಹಕಾರಿ ಬ್ಯಾಂಕಿನಲ್ಲಿದೆ. ನಾನು ಏನು ಮಾಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸೊಸೈಟಿಗೆ ಒತ್ತೆ ಸಿಗುವುದಿಲ್ಲ. ಮ್ಯಾನೇಜರ್ ಕೊಟ್ಟ ಕಾಗದ ಒತ್ತೆ ಅಲ್ಲ. 1 ಕೋಟಿ 20 ಲಕ್ಷದಲ್ಲಿ ಇವತ್ತು ನಿಜವಾದ ರಕ್ಷಣೆ ಇರುವುದು 5 ಲಕ್ಷಕ್ಕೆ ಮಾತ್ರ. ನಾಲ್ಕು ಶಾಖೆಗಳಿದ್ದರೂ ಅಷ್ಟೇ. ಇದನ್ನು ಕೇಳಿ ನಾಳೆಯೇ ಓಡಿಹೋಗಿ ಎಲ್ಲ ಎಫ್‌ಡಿ ಮುರಿಸಬೇಡಿ. ಆ ಬ್ಯಾಂಕು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಕಡೆ ಇಷ್ಟು ಹಣ ಇರುವುದು ತಪ್ಪು ಎಂದು ಹೇಳುತ್ತಿದ್ದೇನೆ. ಎರಡೂ ಬೇರೆ ಬೇರೆ ಮಾತು.

ಮೊದಲು ನಿಮ್ಮ ಮಗಳ ಮಾತು. ಅವರು ಹೇಳಿದ್ದು ಸರಿ. ಅಮೆರಿಕದಲ್ಲಿ ನಗರ, ಕೌಂಟಿ, ಶಾಲಾ ಮಂಡಳಿಗಳ ಹಣಕ್ಕೆ ಬ್ಯಾಂಕು ಒತ್ತೆ ಇಡಬೇಕೆಂದು ಬಹಳಷ್ಟು ರಾಜ್ಯಗಳ ಕಾನೂನು ಹೇಳುತ್ತದೆ. ಅಲ್ಲಿನ ಠೇವಣಿ ವಿಮೆ 2,50,000 ಡಾಲರ್‌ವರೆಗೆ. ಅದರ ಮೇಲಿನ ಹಣಕ್ಕೆ ಒತ್ತೆ. ಕ್ಯಾಲಿಫೋರ್ನಿಯಾದಲ್ಲಿ ಬಾಂಡ್ ಇಟ್ಟರೆ ಅದರ ಬೆಲೆ ಠೇವಣಿಯ ಶೇ. 110 ಇರಬೇಕು. ಮನೆ ಸಾಲದ ಪತ್ರಗಳನ್ನು ಇಟ್ಟರೆ ಶೇ. 150. ಈ ಹೆಚ್ಚುವರಿ ಯಾಕೆ? ಬಡ್ಡಿ ದರ ಏರಿದಾಗ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಬ್ಯಾಂಕು ಮುಚ್ಚಿದ ದಿನ ಅವಸರದಲ್ಲಿ ಮಾರಬೇಕಾದರೆ ಇನ್ನಷ್ಟು ಕಳೆಯುತ್ತದೆ. ಮನೆ ಸಾಲದ ಪತ್ರ ಮಾರುವುದಂತೂ ಇನ್ನೂ ಕಷ್ಟ, ಅದಕ್ಕೇ ಇನ್ನೂ ಜಾಸ್ತಿ. ಆ ಬಾಂಡುಗಳು ಬ್ಯಾಂಕಿನ ಕಪಾಟಿನಲ್ಲೇ ಸುಮ್ನೆ ಕೂತಿರುವುದಿಲ್ಲ. ಸಾಮಾನ್ಯವಾಗಿ ಬೇರೊಂದು ಸಂಸ್ಥೆಯ ವಶದಲ್ಲಿ, ಇದು ಇಂಥವರ ಠೇವಣಿಗೆ ಒತ್ತೆ ಎಂಬ ದಾಖಲೆಯೊಂದಿಗೆ ಇರುತ್ತವೆ. ಬೆಲೆ ಇಳಿದರೆ ಬ್ಯಾಂಕು ಇನ್ನಷ್ಟು ಬಾಂಡ್ ತಂದು ಸೇರಿಸಬೇಕು.

ಅಲ್ಲಿಯೂ ಈ ಸೌಲಭ್ಯ ಸಾರ್ವಜನಿಕ ಹಣಕ್ಕೆ ಮೀಸಲು. ನಿಮ್ಮಂಥ ಮನೆ ಮಾಲೀಕರ ಸಂಘ ಕ್ಯಾಲಿಫೋರ್ನಿಯಾದಲ್ಲೇ ಇದ್ದರೂ ಈ ಕಾನೂನು ಅದಕ್ಕೆ ಒತ್ತೆ ಕೊಡಿಸುವುದಿಲ್ಲ. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಪ್ರಕರಣ ಬಂತು. ಟೆಕ್ಸಾಸ್ ಅಂಡ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿ ತನ್ನ ಠೇವಣಿಗೆ ಬ್ಯಾಂಕಿನಿಂದ ಒತ್ತೆ ಪಡೆದಿತ್ತು. ಬ್ಯಾಂಕು ಮುಳುಗಿತು. ಕಂಪನಿ ತನ್ನ ಒತ್ತೆ ಕೇಳಿತು. ಫೆಡರಲ್ ಕಾನೂನಿನಡಿ ನಡೆಯುವ ಬ್ಯಾಂಕಿಗೆ ಖಾಸಗಿ ಠೇವಣಿದಾರರಿಗೆ ಒತ್ತೆ ಇಡುವ ಅಧಿಕಾರವೇ ಇಲ್ಲ ಎಂದು ಕೋರ್ಟು ಹೇಳಿತು. ಅಷ್ಟು ದೊಡ್ಡ ರೈಲ್ವೆ ಕಂಪನಿಯೂ ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಕಾರಣ ಸರಳ. ಒತ್ತೆ ಹೊಸ ಹಣ ಹುಟ್ಟಿಸುವುದಿಲ್ಲ, ಇದ್ದ ಹಣದಲ್ಲಿ ಯಾರು ಮೊದಲು ಎನ್ನುವುದನ್ನಷ್ಟೇ ತೀರ್ಮಾನಿಸುತ್ತದೆ. ಊಟದ ಪಂಕ್ತಿಯಲ್ಲಿ ಒಬ್ಬರಿಗೆಂದು ಪಾತ್ರೆ ಎತ್ತಿಟ್ಟರೆ ಉಳಿದವರ ಎಲೆಗೆ ಅಷ್ಟು ಕಡಿಮೆ ಬೀಳುತ್ತದೆ. ಶಾಲೆ, ನೀರು, ಪೊಲೀಸ್ ಸಂಬಳ ನಿಲ್ಲಬಾರದು ಎಂದು ಸರಕಾರದ ಹಣಕ್ಕೆ ಆ ಪಾತ್ರೆ ಎತ್ತಿಡಲು ಅಲ್ಲಿನ ಸಮಾಜ ಒಪ್ಪಿದೆ. ಎಲ್ಲ ದೊಡ್ಡ ಠೇವಣಿದಾರರಿಗೂ ಹಾಗೆ ಮಾಡಿದರೆ ಪಿಂಚಣಿ ಹಣ ಇಟ್ಟ ಅಜ್ಜಿಗೆ ಏನು ಉಳಿಯುತ್ತದೆ? ಅದಕ್ಕೆ ಇನ್ನೂ ಒಂದು ಬೆಲೆ ಇದೆ. ಒತ್ತೆಗೆ ಕಟ್ಟಿಹಾಕಿದ ಬಾಂಡಿನ ಹಣವನ್ನು ಬ್ಯಾಂಕು ಸಾಲ ಕೊಡಲು ಬಳಸುವಂತಿಲ್ಲ. ಹಾಗಾಗಿ ಇಂಥ ಠೇವಣಿಗೆ ಬಡ್ಡಿಯೂ ಕಡಿಮೆ ಸಿಗುತ್ತದೆ.

ಹಾಗಾದರೆ ನಮ್ಮಲ್ಲಿ ಸಾರ್ವಜನಿಕ ಹಣಕ್ಕೇ ಯಾಕೆ ಈ ವ್ಯವಸ್ಥೆ ಇಲ್ಲ? ನಿಮ್ಮ ಭಾವನ ಪ್ರಶ್ನೆ ಅದು. ಕೇಂದ್ರ ಮತ್ತು ರಾಜ್ಯ ಸರಕಾರಗಳ ಖಜಾನೆಯ ಮುಖ್ಯ ಖಾತೆ ಇರುವುದು ರಿಸರ್ವ್ ಬ್ಯಾಂಕಿನಲ್ಲಿ. ನಾವು ತೆರಿಗೆ ಕಟ್ಟುವ ಬ್ಯಾಂಕುಗಳು ಅದರ ಏಜೆಂಟರು ಮಾತ್ರ, ವಸೂಲಾದದ್ದು ಅಲ್ಲಿಗೆ ಹೋಗುತ್ತದೆ. ಹಾಗಾಗಿ ದೊಡ್ಡ ಮೊತ್ತಕ್ಕೆ ಒತ್ತೆಯ ಪ್ರಶ್ನೆಯೇ ಬರುವುದಿಲ್ಲ. ಪ್ರಶ್ನೆ ಬರುವುದು ಪಾಲಿಕೆ, ನಿಗಮ, ಮಂಡಳಿ, ದೇವಸ್ಥಾನಗಳ ಹಣಕ್ಕೆ. ಅವು ಮಾಮೂಲಿ ಬ್ಯಾಂಕುಗಳಲ್ಲಿ ಮಾಮೂಲಿ ಠೇವಣಿಯಾಗಿಯೇ ಇರುತ್ತವೆ.

2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂತು. ಒಬ್ಬರಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಆಗ ಪಿಂಪರಿ ಚಿಂಚವಡ ಮಹಾನಗರ ಪಾಲಿಕೆಯ 900 ಕೋಟಿಗೂ ಹೆಚ್ಚು ರೂಪಾಯಿ ಅಲ್ಲಿತ್ತು. ಜನ ಕಟ್ಟಿದ ತೆರಿಗೆಯ ಹಣ. ಸ್ಟೇಟ್ ಬ್ಯಾಂಕ್ ಮುಂದೆ ನಿಂತು ಬಂಡವಾಳ ಹಾಕಿತು, ಮಾರ್ಚ್ 18ಕ್ಕೆ ನಿರ್ಬಂಧ ಹೋಯಿತು, ಠೇವಣಿದಾರರ ಹಣ ಉಳಿಯಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ತನ್ನ ಇಲಾಖೆ, ನಿಗಮಗಳಿಗೆ ರಾಷ್ಟ್ರೀಕೃತ ಬ್ಯಾಂಕುಗಳಲ್ಲೇ ಖಾತೆ ಇಡಿ ಎಂದು ಹೇಳಿತು. ಎಲ್ಲ ರಾಜ್ಯಗಳೂ ಹೀಗೆ ಖಾಸಗಿ ಬ್ಯಾಂಕುಗಳಿಂದ ಹಣ ಕಿತ್ತುಕೊಂಡರೆ ಚೆನ್ನಾಗಿರುವ ಬ್ಯಾಂಕುಗಳೂ ಅಲ್ಲಾಡುತ್ತವೆ ಎಂಬ ಆತಂಕ ರಿಸರ್ವ್ ಬ್ಯಾಂಕಿಗೆ ಇತ್ತು. ಅದು ರಾಜ್ಯಗಳಿಗೆ ಪತ್ರ ಬರೆಯಿತು. ಎರಡೂ ಕಡೆ ನ್ಯಾಯ ಇದೆ. ಅಂದರೆ ನಮ್ಮಲ್ಲಿ ಒತ್ತೆಯ ಜಾಗದಲ್ಲಿ ಇರುವುದು ಬ್ಯಾಂಕಿನ ಆಯ್ಕೆ ಒಂದೇ. ಅದು ಸಾಲದು ಎನ್ನುವುದು ನನ್ನ ಅಭಿಪ್ರಾಯ. ಪಾಲಿಕೆಯಂಥ ಸಂಸ್ಥೆಗೆ ಒಂದು ಬ್ಯಾಂಕಿನಲ್ಲಿ ಇಷ್ಟಕ್ಕಿಂತ ಹೆಚ್ಚು ಇಡಬಾರದು ಎಂಬ ಲಿಖಿತ ಮಿತಿ ಇರಬೇಕು. ಆ ಮಿತಿ ದಾಟಿದ ಹಣಕ್ಕೆ ಒತ್ತೆ ಕೇಳುವ ಕಾನೂನೂ ಬರಬೇಕು. ತೆರಿಗೆ ಕಟ್ಟುವವರಿಗೆ ಇದನ್ನು ಕೇಳುವ ಹಕ್ಕಿದೆ.

ಈಗ ಆ ಲೆಟರ್‌ಹೆಡ್ ಕಾಗದ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸೊಸೈಟಿಗಳ ಕಡತದಲ್ಲಿ ಇಂಥ ಕಾಗದಗಳನ್ನು ನಾನು ಆಗಾಗ ನೋಡುತ್ತೇನೆ. ಸಮಿತಿಯವರು ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿರುತ್ತಾರೆ.

ಬ್ಯಾಂಕಿನ ಹತ್ತಿರ ಸರಕಾರಿ ಬಾಂಡ್ ಇರುವುದು ನಿಜ. ಎಲ್ಲ ಬ್ಯಾಂಕುಗಳೂ ಇಡಲೇಬೇಕು. ಇದೇ ಎಸ್‌ಎಲ್‌ಆರ್. ಈಗ ಆ ಪ್ರಮಾಣ ಠೇವಣಿ ಮತ್ತಿತರ ಹೊಣೆಗಳ ಶೇ. 18. ಆದರೆ ಆ ಲೆಕ್ಕಕ್ಕೆ ಸೇರಬೇಕಾದರೆ ಬಾಂಡುಗಳು ಯಾರಿಗೂ ಒತ್ತೆ ಬಿದ್ದಿರಬಾರದು. ನಿಮಗೆ ಒತ್ತೆ ಇಟ್ಟರೆ ಅವು ಎಸ್‌ಎಲ್‌ಆರ್ ಲೆಕ್ಕದಿಂದ ಹೊರಗೆ ಬೀಳುತ್ತವೆ. ಎಸ್‌ಎಲ್‌ಆರ್‌ನಲ್ಲಿದ್ದರೆ ಅವು ನಿಮ್ಮ ಒತ್ತೆ ಅಲ್ಲ. ಎರಡೂ ಒಟ್ಟಿಗೆ ಆಗುವುದಿಲ್ಲ ಅಲ್ವಾ? ಮ್ಯಾನೇಜರ್ ಬಹುಶಃ ಮೋಸ ಮಾಡಲು ಬರೆದದ್ದಲ್ಲ. ಬ್ಯಾಂಕಿನಲ್ಲಿ ಬಾಂಡುಗಳಿವೆ, ಭಯಪಡಬೇಡಿ ಎಂದು ಸಮಾಧಾನ ಹೇಳಿದ್ದಾರೆ. ಆದರೆ ಬ್ಯಾಂಕು ಮುಚ್ಚಿದ ದಿನ, ಅದರ ಆಸ್ತಿ ಮಾರಿ ಬಾಕಿ ತೀರಿಸುವ ಲಿಕ್ವಿಡೇಟರ್ ಮುಂದೆ ಆ ಸಮಾಧಾನಕ್ಕೆ ಬೆಲೆ ಇಲ್ಲ. ಯಾವ ಬಾಂಡ್, ಯಾರ ವಶದಲ್ಲಿದೆ, ನಿರ್ದೇಶಕ ಮಂಡಳಿ ಯಾವ ದಿನ ಠರಾವು ಮಾಡಿತು ಎಂದು ಕೇಳುತ್ತಾರೆ. ಒಂದಕ್ಕೂ ಉತ್ತರ ಇರುವುದಿಲ್ಲ.

ಈ ವಿಷಯದಲ್ಲಿ ಅಮೆರಿಕದ ಕಾನೂನು ಎಷ್ಟು ಬಿಗಿ ನೋಡಿ. ಅಲ್ಲಿ ಒತ್ತೆಗೆ ಅರ್ಹವಾದ ನಗರಾಡಳಿತವೇ ಆಗಿದ್ದರೂ ಒಪ್ಪಂದ ಬಾಯಿಮಾತಿನದಾದರೆ ನಡೆಯುವುದಿಲ್ಲ. ಅದು ಬರಹದಲ್ಲಿರಬೇಕು. ಬ್ಯಾಂಕಿನ ನಿರ್ದೇಶಕ ಮಂಡಳಿ ಅಥವಾ ಸಾಲ ಸಮಿತಿ ಒಪ್ಪಿ, ಅದು ನಡಾವಳಿಯಲ್ಲಿ ದಾಖಲಾಗಿರಬೇಕು. ಒಪ್ಪಂದವಾದ ದಿನದಿಂದ ಅದು ಬ್ಯಾಂಕಿನ ಅಧಿಕೃತ ದಾಖಲೆಯಲ್ಲಿ ಸತತವಾಗಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಮುಳುಗಿದ ಬ್ಯಾಂಕನ್ನು ವಹಿಸಿಕೊಳ್ಳುವ ಎಫ್‌ಡಿಐಸಿ ಆ ಒತ್ತೆಯನ್ನು ತಳ್ಳಿಹಾಕಬಹುದು. ನಿಮ್ಮ ಮಗಳ ಕಚೇರಿಯಲ್ಲಿ ಈ ಕಾಗದಗಳಿಗೆಂದೇ ಒಂದು ಕಡತ ಇದ್ದೇ ಇರುತ್ತದೆ. ಕೇಳಿ ನೋಡಿ. ಶಾಖಾ ಮ್ಯಾನೇಜರ್ ಸಹಿಯ ಒಂದು ಹಾಳೆ ಅಲ್ಲಿಯೂ ನಿಲ್ಲುವುದಿಲ್ಲ.

ಇನ್ನು ವಿಮೆ. ನಮ್ಮಲ್ಲಿ ಠೇವಣಿ ವಿಮೆ ಶುರುವಾದದ್ದು 1962ರ ಜನವರಿ 1ರಂದು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮತ್ತು ಅಕೋಲಾದ ಲಕ್ಷ್ಮೀ ಬ್ಯಾಂಕ್ ಮುಳುಗಿದ ಮೇಲೆ ಸರಕಾರ ಎಚ್ಚೆತ್ತಿತು. ಆಗ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷವಾಯಿತು. ಮುಂಬಯಿಯ ಪಿಎಂಸಿ ಎಂಬ ಸಹಕಾರಿ ಬ್ಯಾಂಕಿನ ಗಲಾಟೆಯ ನಂತರ (ಅದರ ಕಥೆ ಮುಂದೆ ಇದೆ) 2020ರ ಫೆಬ್ರವರಿ 4ರಿಂದ 5 ಲಕ್ಷ. ಈ ವಿಮೆಯನ್ನು ಡಿಐಸಿಜಿಸಿ ಎಂಬ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ನೋಡಿಕೊಳ್ಳುತ್ತದೆ. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ. 5 ಲಕ್ಷ ಎಂದರೆ ಅಸಲು ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ. ನಾಲ್ಕು ಶಾಖೆಯಲ್ಲಿಟ್ಟರೆ 20 ಲಕ್ಷ ಸಿಗುತ್ತದೆ ಎಂದು ನಿಮ್ಮ ಹಿಂದಿನ ಸಮಿತಿ ಅಂದುಕೊಂಡಿದ್ದರೆ ಅದು ತಪ್ಪು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆ ಎಂದರೆ ಸರಕಾರದ ಗ್ಯಾರಂಟಿ ಇದೆ ಎನ್ನುವುದೂ ಅಷ್ಟೇ ತಪ್ಪು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮುಂಬಯಿ, ಪುಣೆಯಲ್ಲಿ ಗಲ್ಲಿಗೊಂದು ಪತಪೇಢಿ ಇದೆ. ನಮ್ಮ ಹೋಟೆಲು ಕಾರ್ಮಿಕರು, ಸಣ್ಣ ಅಂಗಡಿಯವರು ಅಲ್ಲಿ ದಿನದ ಪಿಗ್ಮಿ ಕಟ್ಟುತ್ತಾರೆ. ಅವು ಬ್ಯಾಂಕಲ್ಲ, ಕ್ರೆಡಿಟ್ ಸೊಸೈಟಿ. ಅಲ್ಲಿ ಈ 5 ಲಕ್ಷದ ವಿಮೆಯೂ ಇಲ್ಲ. ಸೊಸೈಟಿಯ ಹಣ ಅಲ್ಲಿಗೆ ಹೋಗಲೇಬಾರದು.

ವಿಮೆ ದಾಟಿದ ಹಣಕ್ಕೆ ಏನಾಗುತ್ತದೆ? ಇದಕ್ಕೆ ಮುಂಬಯಿಯಲ್ಲೇ ಎರಡು ಉದಾಹರಣೆಗಳಿವೆ, ಎರಡೂ ತೀರ ಬೇರೆ ಬೇರೆ.

ಒಂದು ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕ್, ಅಂದರೆ ಪಿಎಂಸಿ. 2019ರ ಸೆಪ್ಟೆಂಬರ್ 23ರಂದು ನಿರ್ಬಂಧ ಬಂತು. ಮೊದಲ ಆದೇಶದಲ್ಲಿ ಒಬ್ಬರಿಗೆ 1,000 ರೂಪಾಯಿ ಮಾತ್ರ. ಸಾಲದ ಶೇ. 70ಕ್ಕೂ ಹೆಚ್ಚು ಒಂದೇ ಬಿಲ್ಡರ್ ಗುಂಪಾದ ಎಚ್‌ಡಿಐಎಲ್‌ಗೆ ಹೋಗಿತ್ತು. 2022ರ ಜನವರಿ 25ರಂದು ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಲೀನದ ಯೋಜನೆಯಲ್ಲಿ ವ್ಯಕ್ತಿಗಳ ಠೇವಣಿಗೆ ಹತ್ತು ವರ್ಷದವರೆಗಿನ ಕಂತು. ಹೌಸಿಂಗ್ ಸೊಸೈಟಿ, ಟ್ರಸ್ಟ್‌ಗಳನ್ನು ಸಾಂಸ್ಥಿಕ ಠೇವಣಿದಾರರ ಸಾಲಿಗೆ ಹಾಕಿದರು. ಅವರ ವಿಮೆ ದಾಟಿದ ಹಣದ ಶೇ. 80 ಪ್ರಿಫರೆನ್ಸ್ ಷೇರಾಯಿತು, ಶೇ. 20 ವಾರಂಟ್, ಅಂದರೆ ಮುಂದೆ ಷೇರು ಪಡೆಯುವ ಹಕ್ಕಿನ ಪತ್ರ ಆಯಿತು. ನಿಮ್ಮ ಅಂಕಿಯನ್ನೇ ಅಲ್ಲಿ ಹಾಕಿ ನೋಡಿ. 5 ಲಕ್ಷ ವಿಮೆಯಿಂದ ಬರುತ್ತದೆ. ಉಳಿದ 1 ಕೋಟಿ 15 ಲಕ್ಷದಲ್ಲಿ 92 ಲಕ್ಷ ಪ್ರಿಫರೆನ್ಸ್ ಷೇರು, 23 ಲಕ್ಷ ವಾರಂಟ್. ಆ ಷೇರಿಗೆ ಡಿವಿಡೆಂಡ್ ವರ್ಷಕ್ಕೆ ಶೇ. 1, ಅಂದರೆ 92,000 ರೂಪಾಯಿ. ಒಂದು ವರ್ಷ ಕೊಡದಿದ್ದರೆ ಮುಂದಿನ ವರ್ಷಕ್ಕೆ ಬಾಕಿ ಬರುವುದಿಲ್ಲ. ಇದನ್ನು ಹಿಡಿದುಕೊಂಡು ಕಟ್ಟಡದ ರಿಪೇರಿ ಮಾಡಿಸಲು ಆಗುತ್ತದೆಯೇ?

ಇನ್ನೊಂದು ನ್ಯೂ ಇಂಡಿಯಾ ಸಹಕಾರಿ ಬ್ಯಾಂಕ್. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1968ರಲ್ಲಿ ಬಾಂಬೆ ಲೇಬರ್ ಸಹಕಾರಿ ಬ್ಯಾಂಕ್ ಎಂದು ಶುರುಮಾಡಿದ್ದು ಇದನ್ನೇ. ಬ್ಯಾಂಕಿನ ತಿಜೋರಿಯಿಂದ 122 ಕೋಟಿ ಹೋಗಿದೆ ಎಂಬ ಆರೋಪದ ಪ್ರಕರಣ ಬಂತು. 2025ರ ಫೆಬ್ರವರಿ 13ರಂದು ನಿರ್ಬಂಧ. ಮೊದಲು ಒಂದು ರೂಪಾಯಿಯೂ ಇಲ್ಲ, ಆಮೇಲೆ ಒಬ್ಬರಿಗೆ 25,000 ರೂಪಾಯಿ. ಆಗಸ್ಟ್ 4ರಂದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಗಿ ಠೇವಣಿದಾರರು ಆ ಬ್ಯಾಂಕಿನ ಗ್ರಾಹಕರಾದರು. ಹಣ ಉಳಿಯಿತು. ಆದರೆ ನಡುವಿನ ಆ ತಿಂಗಳುಗಳನ್ನು ಯೋಚಿಸಿ. ವಾಚ್‌ಮನ್ ಸಂಬಳ, ನೀರಿನ ಬಿಲ್ಲು, ಲಿಫ್ಟಿನ ಒಪ್ಪಂದ, ರಿಪೇರಿ ಕಂತು, ಎಲ್ಲಕ್ಕೂ ಸೇರಿ 25,000. 2021ರ ತಿದ್ದುಪಡಿಯಿಂದ ನಿರ್ಬಂಧ ಬಂದು 90 ದಿನಗಳೊಳಗೆ ವಿಮೆ ಹಣ ಸಿಗುವ ವ್ಯವಸ್ಥೆ ಆಗಿದೆ. ಒಳ್ಳೆಯದೇ. ಆದರೂ ಅದು 5 ಲಕ್ಷದ ಒಳಗಿನ ಮಾತು.

ಅಂದರೆ ನಿಮಗೆ ಎರಡು ಅಪಾಯಗಳಿವೆ. ಹಣ ಹೋಗುವುದು ಒಂದು. ಹಣ ಇದ್ದೂ ಬೇಕಾದಾಗ ಕೈಗೆ ಸಿಗದಿರುವುದು ಇನ್ನೊಂದು. ಎರಡನೆಯದು ಹೆಚ್ಚು ಸಾಮಾನ್ಯ. ಒಂದು ಸೊಸೈಟಿಯಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟಿ ಆದ ಮೇಲೆ ಬ್ಯಾಂಕಿಗೆ ಬೀಗ ಬಿತ್ತು. ಕಂಟ್ರಾಕ್ಟರ್ ಕೆಲಸ ನಿಲ್ಲಿಸಿದ. ಮಳೆಗಾಲ ಪೂರ್ತಿ ಪ್ಲಾಸ್ಟರ್ ಕೆತ್ತಿದ ಗೋಡೆಗಳಿಂದ ಮೇಲಿನ ಮನೆಗಳಿಗೆ ನೀರು ಇಳಿಯಿತು. ಅಲ್ಲಿನ ಸಮಿತಿಯವರು ಪ್ರಾಮಾಣಿಕರು, ಒಂದು ಪೈಸೆ ಮುಟ್ಟಿದವರಲ್ಲ. ಆದರೂ ಸಾಮಾನ್ಯ ಸಭೆಯಲ್ಲಿ ತಲೆ ತಗ್ಗಿಸಿ ಕೂರಬೇಕಾಯಿತು. ನಿಮಗೆ ಆ ಸ್ಥಿತಿ ಬರಬಾರದು.

ಲಾಭದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕೋಣ. ಸಹಕಾರಿ ಬ್ಯಾಂಕು ಬೇಡವೇ ಬೇಡ ಎಂದು ಹೇಳುವುದು ಸುಲಭ, ಆದರೆ ನಿಮ್ಮ ಹಿಂದಿನ ಸಮಿತಿ ದಡ್ಡರಲ್ಲ. ವಿಮೆ ಇಲ್ಲದ 1 ಕೋಟಿ 15 ಲಕ್ಷದ ಮೇಲೆ ಅರ್ಧ ಪರ್ಸೆಂಟ್ ಎಂದರೆ ವರ್ಷಕ್ಕೆ 57,500. ಇದರ ಮೇಲೆ ಸೊಸೈಟಿಗಳಲ್ಲಿ 80ಪಿ ಎಂದೇ ಹೆಸರಾದ ತೆರಿಗೆ ರಿಯಾಯಿತಿ. ಒಂದು ಸಹಕಾರಿ ಸಂಘ ಇನ್ನೊಂದು ಸಹಕಾರಿ ಸಂಘದಿಂದ ಪಡೆದ ಬಡ್ಡಿಗೆ ಅದು ಸಿಗುತ್ತದೆ. ಸಹಕಾರಿ ಬ್ಯಾಂಕಿನ ಬಡ್ಡಿಗೆ ಇದು ಹೊಂದುವುದಿಲ್ಲ ಎಂದು ಇಲಾಖೆ ತಕರಾರು ತೆಗೆಯುತ್ತದೆ, ಮುಂಬಯಿಯ ತೆರಿಗೆ ನ್ಯಾಯಮಂಡಳಿ ಹೆಚ್ಚಾಗಿ ಸೊಸೈಟಿಗಳ ಪರ ತೀರ್ಪು ಕೊಟ್ಟಿದೆ. ಬಡ್ಡಿ ಶೇ. 7, ತೆರಿಗೆ ಶೇ. 30 ಅಂದುಕೊಂಡರೆ ಉಳಿಯುವ ತೆರಿಗೆ ಸುಮಾರು 2 ಲಕ್ಷ 40 ಸಾವಿರ. ಎರಡೂ ಸೇರಿ ವರ್ಷಕ್ಕೆ 3 ಲಕ್ಷದ ಹತ್ತಿರ. 84 ಮನೆಗೆ ಹಂಚಿದರೆ ಮನೆಗೆ ತಿಂಗಳಿಗೆ 300 ರೂಪಾಯಿ. ಇದು ಸಣ್ಣದಲ್ಲ, ಮೇಂಟೆನೆನ್ಸ್ ಬಿಲ್ಲಿನಲ್ಲಿ ಕಾಣುತ್ತದೆ.

ತಕ್ಕಡಿಯ ಇನ್ನೊಂದು ಕಡೆ ನೋಡಿ. ಅಪಾಯದಲ್ಲಿರುವ ಹಣ ಮನೆಗೆ 1 ಲಕ್ಷ 37 ಸಾವಿರದ ಹತ್ತಿರ. ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಸಾಮಾನ್ಯ ಸಭೆಯ ಮುಂದಿಡಿ. ಜನ ತಾವೇ ಯೋಚಿಸುತ್ತಾರೆ. ಹಣ ಅವರದ್ದು, ಖಜಾಂಚಿಯದ್ದಲ್ಲ.

ದಾರಿಗಳು ಏನೇನಿವೆ? ಎಲ್ಲವನ್ನೂ ರಾಷ್ಟ್ರೀಕೃತ ಬ್ಯಾಂಕಿಗೆ ಹಾಕುವುದು ಒಂದು. ನಿದ್ದೆ ಚೆನ್ನಾಗಿ ಬರುತ್ತದೆ, ವರ್ಷಕ್ಕೆ ಆ 3 ಲಕ್ಷ ಹೋಗುತ್ತದೆ. ಕಾಗದದ ಮೇಲೆ ವಿಮೆ ಅಲ್ಲಿಯೂ 5 ಲಕ್ಷವೇ. ಆದರೆ ಸರಕಾರವೇ ದೊಡ್ಡ ಮಾಲೀಕ, ಅಂಥ ಬ್ಯಾಂಕನ್ನು ಮುಳುಗಲು ಬಿಟ್ಟ ಉದಾಹರಣೆ ನಮ್ಮಲ್ಲಿಲ್ಲ.

ಐದೈದು ಲಕ್ಷದೊಳಗೆ ಒಡೆದು ಬೇರೆ ಬೇರೆ ಬ್ಯಾಂಕಿನಲ್ಲಿಡುವುದು ಇನ್ನೊಂದು. ಕೇಳಲು ಚೆಂದ. ಬಡ್ಡಿಗೆ ಜಾಗ ಬಿಟ್ಟು 4 ಲಕ್ಷ 60 ಸಾವಿರದಂತೆ ಇಟ್ಟರೆ ನಿಮಗೆ 25ಕ್ಕೂ ಹೆಚ್ಚು ಬ್ಯಾಂಕು ಬೇಕು. ಸಮಿತಿ ಬದಲಾದಾಗಲೆಲ್ಲ ಅಷ್ಟೂ ಕಡೆ ಸಹಿ, ಕೆವೈಸಿ ಬದಲಿಸಬೇಕು. ಒಂದೆರಡು ರಸೀದಿ ಕಳೆದೇ ಹೋಗುತ್ತದೆ. ದೊಡ್ಡ ಸೊಸೈಟಿಗೆ ಇದನ್ನು ನಾನು ಹೇಳುವುದಿಲ್ಲ. ಕೆಲವರು ಇದಕ್ಕೆ ಅಡ್ಡದಾರಿ ಹುಡುಕುತ್ತಾರೆ. ಚೇರ್‌ಮನ್, ಸೆಕ್ರೆಟರಿ, ಖಜಾಂಚಿಯ ಸ್ವಂತ ಹೆಸರಿನಲ್ಲಿ ಎಫ್‌ಡಿ ಮಾಡುತ್ತಾರೆ. ದಯವಿಟ್ಟು ಬೇಡ. ಸೊಸೈಟಿಯ ಹಣ ವ್ಯಕ್ತಿಯ ಹೆಸರಿಗೆ ಹೋದರೆ ನಾಳೆ ಆ ವ್ಯಕ್ತಿ ತೀರಿಕೊಂಡಾಗ ವಾರಸುದಾರರ ಜೊತೆ ಕೋರ್ಟಿಗೆ ಅಲೆಯಬೇಕು. ತೆರಿಗೆಯ ತೊಂದರೆ ಬೇರೆ.

ಮೂರನೆಯ ದಾರಿ ಸರಕಾರಿ ಬಾಂಡನ್ನೇ ನೇರವಾಗಿ ಕೊಳ್ಳುವುದು. ಅಮೆರಿಕದ ನಗರಾಡಳಿತಕ್ಕೆ ಬ್ಯಾಂಕು ಒತ್ತೆ ಇಡುವುದು ಹೆಚ್ಚಾಗಿ ಸರಕಾರಿ ಬಾಂಡ್ ತಾನೇ? ಅದನ್ನು ಸೊಸೈಟಿಯೇ ತನ್ನ ಹೆಸರಿನಲ್ಲಿ ಕೊಂಡರೆ ನಡುವೆ ಬ್ಯಾಂಕಿನ ಅಪಾಯವೇ ಇಲ್ಲ. 91, 182, 364 ದಿನಗಳ ಟ್ರೆಷರಿ ಬಿಲ್ ಇವೆ, ವರ್ಷಗಳ ಅವಧಿಯ ಬಾಂಡೂ ಇವೆ. 10,000 ರೂಪಾಯಿಯಿಂದ ಶುರು. ಇವನ್ನು ನೇರವಾಗಿ ಕೊಳ್ಳಲು ರಿಸರ್ವ್ ಬ್ಯಾಂಕು ಮಾಡಿರುವ ರಿಟೇಲ್ ಡೈರೆಕ್ಟ್ ಎಂಬ ವ್ಯವಸ್ಥೆ ವ್ಯಕ್ತಿಗಳಿಗೆ ಮಾತ್ರ. ಸೊಸೈಟಿ ದೊಡ್ಡ ಬ್ಯಾಂಕು ಅಥವಾ ಪ್ರೈಮರಿ ಡೀಲರ್ (ಸರಕಾರಿ ಬಾಂಡ್ ವ್ಯಾಪಾರಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಸಂಸ್ಥೆ) ಮೂಲಕ ಹೋಗಬೇಕು. ಕಾಗದಪತ್ರ ಜಾಸ್ತಿ, ತೆರಿಗೆ ರಿಯಾಯಿತಿ ಇಲ್ಲ, ದೀರ್ಘ ಅವಧಿಯ ಬಾಂಡನ್ನು ನಡುವೆ ಮಾರಿದರೆ ಬೆಲೆ ಕಡಿಮೆ ಬರಬಹುದು. ಸಿಂಕಿಂಗ್ ಫಂಡಿನಂತೆ ವರ್ಷಗಟ್ಟಲೆ ಮುಟ್ಟದ ಹಣಕ್ಕೆ ಇದು ಒಳ್ಳೆಯದು. ಸಹಕಾರಿ ಸಂಘಗಳ ಕಾಯ್ದೆಯ 70ನೇ ಕಲಮಿನಲ್ಲಿ ಇದಕ್ಕೆ ಜಾಗ ಇದೆ. ಸೊಸೈಟಿಯ ಹಣ ಎಲ್ಲಿಡಬಹುದು ಎಂಬುದಕ್ಕೆ ನಿಮ್ಮ ಬೈಲಾ ತೋರಿಸುವುದೂ ಆ ಕಲಮನ್ನೇ. ಅದನ್ನೊಮ್ಮೆ ಓದಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಿತಿ ಹಾಕುತ್ತಿದ್ದೆ. ಒತ್ತೆ ಸಿಗದವರಿಗೆ ಒತ್ತೆಯ ಕೆಲಸ ಮಾಡುವುದು ಮಿತಿ ಒಂದೇ. ರಿಪೇರಿಯ 70 ಲಕ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿ, ಕಂಟ್ರಾಕ್ಟರ್‌ನ ಕಂತಿನ ತಾರೀಕಿಗೆ ಹೊಂದುವಂತೆ. ಉಳಿದ 90 ಲಕ್ಷದಲ್ಲಿ 30 ಲಕ್ಷ ಸರಕಾರಿ ಬಾಂಡ್ ಅಥವಾ ರಾಷ್ಟ್ರೀಕೃತ ಬ್ಯಾಂಕ್. 60 ಲಕ್ಷ ಮೂರು ಬೇರೆ ಬೇರೆ ಸಹಕಾರಿ ಬ್ಯಾಂಕುಗಳಲ್ಲಿ ತಲಾ 20 ಲಕ್ಷ. ಒಂದು ಬ್ಯಾಂಕು ಪೂರ್ತಿ ಮುಳುಗಿದರೂ ವಿಮೆ ಕಳೆದು 15 ಲಕ್ಷ ಅಪಾಯದಲ್ಲಿರುತ್ತದೆ, ಮನೆಗೆ 18 ಸಾವಿರದ ಹತ್ತಿರ. ಅದೂ ನೋವೇ, ಆದರೆ ಕಟ್ಟಡ ನಿಲ್ಲುವುದಿಲ್ಲ. 60 ಲಕ್ಷದ ಮೇಲಿನ ತೆರಿಗೆ ಲಾಭವೂ ಉಳಿಯುತ್ತದೆ.

ಆ ಮೂರು ಬ್ಯಾಂಕುಗಳನ್ನು ಆರಿಸುವಾಗ ವಾರ್ಷಿಕ ವರದಿ ಕೇಳಿ ಪಡೆಯಿರಿ. ಬಂಡವಾಳದ ಪ್ರಮಾಣ, ನಿವ್ವಳ ಎನ್‌ಪಿಎ (ವಸೂಲಾಗದೆ ನಿಂತ ಸಾಲದ ಪ್ರಮಾಣ), ಆಡಿಟ್ ವರ್ಗ ನೋಡಿ. 2025ರ ಏಪ್ರಿಲ್‌ನಿಂದ ತೀರ ಸಣ್ಣವನ್ನು ಬಿಟ್ಟು ಉಳಿದ ನಗರ ಸಹಕಾರಿ ಬ್ಯಾಂಕುಗಳ ನಿವ್ವಳ ಎನ್‌ಪಿಎ ಶೇ. 6 ದಾಟಿದರೆ ರಿಸರ್ವ್ ಬ್ಯಾಂಕು ವಿಶೇಷ ನಿಗಾ ಇಡುತ್ತದೆ. ನಿಮಗೆ ಅದಕ್ಕಿಂತ ಬಹಳ ಕೆಳಗಿನ ಅಂಕಿ ಬೇಕು. ಡಿಐಸಿಜಿಸಿ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಆದರೆ ಇದನ್ನೇ ಪೂರ್ತಿ ನಂಬಬೇಡಿ. 2019ರ ಮಾರ್ಚ್‌ನ ಪಿಎಂಸಿ ವರದಿಯಲ್ಲಿ ಎನ್‌ಪಿಎ ಶೇ. 4ಕ್ಕಿಂತ ಕಡಿಮೆ ತೋರಿಸಿದ್ದರು. ಆರು ತಿಂಗಳಲ್ಲಿ ಬೀಗ ಬಿತ್ತು. ಸುಳ್ಳು ಲೆಕ್ಕವನ್ನು ಖಜಾಂಚಿ ಹಿಡಿಯಲಾರ. ಅದಕ್ಕೇ ಪರೀಕ್ಷೆಗಿಂತ ಮಿತಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಹಳೆಯ ಎಫ್‌ಡಿಗಳನ್ನು ಅವಧಿಗೆ ಮೊದಲು ಮುರಿಸಿದರೆ ಬಡ್ಡಿಯಲ್ಲಿ ಕಡಿತ ಇರುತ್ತದೆ. ನಾಲ್ಕರ ಮುಕ್ತಾಯದ ತಾರೀಕು ಬರೆದುಕೊಳ್ಳಿ. ಆರು ತಿಂಗಳೊಳಗೆ ಮುಗಿಯುವುದನ್ನು ಮುಗಿಯಲು ಬಿಡಿ. ದೂರ ಇರುವುದನ್ನು ಕಡಿತ ಕೊಟ್ಟಾದರೂ ಮುರಿಸಿ, ಅದರಲ್ಲೂ ರಿಪೇರಿಗೆ ಬೇಕಾದ ಹಣವನ್ನು. ಆಟೋ ರಿನ್ಯೂವಲ್ ಇದ್ದರೆ ಈ ವಾರವೇ ಬರವಣಿಗೆಯಲ್ಲಿ ರದ್ದು ಮಾಡಿಸಿ, ಅರ್ಜಿಯ ಪ್ರತಿಗೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಇದನ್ನು ಮರೆತು ಇನ್ನೊಂದು ವರ್ಷಕ್ಕೆ ಸಿಕ್ಕಿಬಿದ್ದ ಸೊಸೈಟಿಗಳು ಬಹಳ. ಮಿತಿಯನ್ನು ಸಮಿತಿ ಸಭೆಯಲ್ಲಿ ಠರಾವಾಗಿ ಬರೆಸಿ, ಸಾಮಾನ್ಯ ಸಭೆಯ ಒಪ್ಪಿಗೆ ತೆಗೆದುಕೊಳ್ಳಿ. ಮುಂದಿನ ಖಜಾಂಚಿಯೂ ಅದಕ್ಕೆ ಬದ್ಧನಾಗಿರಬೇಕಾಗುತ್ತದೆ. ಸಮಿತಿ ಒಪ್ಪದಿದ್ದರೆ ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಿ. ನಾಳೆ ಜವಾಬ್ದಾರಿಯ ಪ್ರಶ್ನೆ ಬಂದಾಗ ಆ ಎರಡು ಸಾಲು ನಿಮ್ಮನ್ನು ಕಾಯುತ್ತದೆ.

ಕನ್ನಡ ಸಂಘದ ಹಣದ ವಿಷಯ ಬೇರೆ. ಸಂಘ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿಯಾಗಿದ್ದರೆ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ 1950ರ 35ನೇ ಕಲಂ ಅನ್ವಯಿಸುತ್ತದೆ. ತಕ್ಷಣ ಖರ್ಚಿಗೆ ಬೇಡದ ಹಣ ಷೆಡ್ಯೂಲ್ಡ್ ಬ್ಯಾಂಕ್ (ರಿಸರ್ವ್ ಬ್ಯಾಂಕಿನ ಪಟ್ಟಿಗೆ ಸೇರಿದ ಬ್ಯಾಂಕು), ಅಂಚೆ ಉಳಿತಾಯ ಬ್ಯಾಂಕ್, ಸರಕಾರ ಒಪ್ಪಿದ ಸಹಕಾರಿ ಬ್ಯಾಂಕ್ ಅಥವಾ ಸರಕಾರಿ ಬಾಂಡುಗಳಲ್ಲಿ ಇರಬೇಕು. ನಿಮ್ಮ ಸಹಕಾರಿ ಬ್ಯಾಂಕು ಷೆಡ್ಯೂಲ್ಡ್ ಪಟ್ಟಿಯಲ್ಲಿದೆಯೇ ಅಥವಾ ಒಪ್ಪಿಗೆ ಪಡೆದಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮಿತಿಯ ಮಾತೇ ಇಲ್ಲ, ಹಣ ಅಲ್ಲಿ ಇರುವುದೇ ಕಾಯ್ದೆಗೆ ವಿರುದ್ಧ. ಟ್ರಸ್ಟಿಗಳು ಬೇಗ ತೆಗೆಯಬೇಕು. 80ಪಿ ರಿಯಾಯಿತಿ ಸಹಕಾರಿ ಸಂಘಗಳಿಗೆ ಮಾತ್ರ, ಟ್ರಸ್ಟಿಗೆ ಅದು ಸಿಗುವುದಿಲ್ಲ. ಹಾಗಾಗಿ ಸಂಘದ ಹಣವನ್ನು ಅಲ್ಲಿ ಇಡಲು ಅರ್ಧ ಪರ್ಸೆಂಟ್ ಬಿಟ್ಟರೆ ಬೇರೆ ಕಾರಣವೇ ಇಲ್ಲ. ದಾನಿಗಳು ಕೊಟ್ಟ ಹಣ ಅದು, ವಿದ್ಯಾರ್ಥಿವೇತನಕ್ಕೋ ನಾಟಕೋತ್ಸವಕ್ಕೋ ಬೇಕಾದದ್ದು. ಅದನ್ನು ಪೂರ್ತಿಯಾಗಿ ರಾಷ್ಟ್ರೀಕೃತ ಬ್ಯಾಂಕಿಗೆ ಹಾಕಿ. ಸೊಸೈಟಿಯ ಎಫ್‌ಡಿಗಿಂತ ಮೊದಲು ಇದನ್ನೇ ಮಾಡಿ.